ಸಾರಕ್ಕಿ ಗೋಡೆಯ ಅರಳಿ

ರುದ್ರಮ್ಮ ಚಪ್ಪಲಿ ಬಿಟ್ಟು, ಕಲ್ಲುಗೋಡೆಯ ಮೇಲಿಂದ ಹೆಬ್ಬಾವಿನ ಹಾಗೆ ಇಳಿದಿದ್ದ ಬೇರಿಗೆ ಹಣೆ ಹಚ್ಚಿದಳು. ಕಾಡು ನುಂಗಿದ್ದ ಕಾಂಬೋಡಿಯಾದ ಆ ಹಳೇ ಬೌದ್ಧ ದೇಗುಲದಲ್ಲಿ ಮೂರ್ತಿಗಳಿಗಿಂತ ಮರಗಳೇ ಹೆಚ್ಚು. ಬೆಂಗಳೂರಿನ ಸಿದ್ದಾಪುರದ ಬೌದ್ಧ ಸಂಘದ ಜೊತೆ ಪ್ರವಾಸ ಬಂದಿದ್ದವರೆಲ್ಲ ಫೋಟೋಗೆ ಸಾಲು ನಿಂತಿದ್ದರು.

ಅವಳ ಗಂಡ ಬೈಲಪ್ಪನಿಗೆ ಆ ಬೇರಲ್ಲಿ ಕಂಡದ್ದು ಮಾತ್ರ ತನ್ನ ಕಸುಬು. ಜಯನಗರದ ತಾರಸಿ, ಸಜ್ಜಾಗಳಲ್ಲಿ ಹುಟ್ಟಿದ ಅರಳಿ ಸಸಿ ಕೀಳುವುದರಲ್ಲೇ ಅವನ ಮೂವತ್ತು ವರ್ಷ ಕಳೆದಿತ್ತು. ಅರಳಿ ಕಿತ್ತ ಪಾಪ ತಮಗೆ ಬೇಡವೆಂದು ಮನೆಯವರು ಅವನನ್ನು ಕರೆಸುತ್ತಿದ್ದರು. ಪಾಪ ಅವನಿಗೆ, ಕೊಡುವ ಕಾಫಿ ಮಾತ್ರ ಗೇಟಿನಾಚೆಗೆ.

ಈಗ ಸಾರಕ್ಕಿಯ ಅವನ ಸ್ವಂತ ಮನೆಯ ಗೋಡೆಯಲ್ಲೇ ಒಂದು ಅರಳಿ ಸಸಿ ಎದ್ದಿತ್ತು. ಬೋಧಿವೃಕ್ಷ ತಾನಾಗಿ ಬಂದಿದೆ ಎಂದು ರುದ್ರಮ್ಮ ದಿನಾ ಕೈಮುಗಿಯುತ್ತಿದ್ದಳು. ಗೋಡೆ ಬಿರಿಯುತ್ತೆ ಎಂದರೆ ಕೇಳುತ್ತಿರಲಿಲ್ಲ. ಅದಕ್ಕೇ ಬೈಲಪ್ಪ, ಅವಳಿಲ್ಲದಾಗ ಕಿತ್ತುಹಾಕು ಎಂದು ಮಗ ನರೇಂದ್ರನಿಗೆ ಗುಟ್ಟಾಗಿ ಹೇಳಿ ಬಂದಿದ್ದ. ಇವತ್ತು ಭಾನುವಾರ, ಮಗನಿಗೆ ರಜ.

"ನಮ್ಮನೇದೂ ಹಿಂಗೇ ಬೆಳೀತದೆ ಅಲ್ವಾ?" ಅಂದಳು ರುದ್ರಮ್ಮ.

"ಬೆಳೆದ್ರೆ ಮರ ಇರ್ತದೆ, ಮನೆ ಇರಲ್ಲ."

"ಈ ಗೋಡೆ ನಿಂತಿಲ್ವಾ?"

ಬೈಲಪ್ಪ ಕಲ್ಲಿನ ಸಂದಿಗೆ ಹೆಬ್ಬೆರಳು ತೂರಿಸಿ ನೋಡಿದ. ಕಲ್ಲನ್ನು ಸೀಳಿದ್ದು ಬೇರೇ, ಸುಳ್ಳಲ್ಲ. ಈಗ ಬೀಳದ ಹಾಗೆ ತಬ್ಬಿ ಹಿಡಿದಿದ್ದೂ ಅದೇ ಬೇರು. ಕಿತ್ತರೆ ಗೋಡೆ ಗುಡ್ಡೆಯಾಗುತ್ತೆ. ಅವನು ಆ ಕಡೆ ಸರಿದು ಮಗನಿಗೆ ಫೋನ್ ಮಾಡಿದ.

"ಕುಯ್ದಾಯ್ತು ಅಪ್ಪ," ಅಂದ ನರೇಂದ್ರ. "ಬೇರು ಬರ್ತಿಲ್ಲ. ಆಸಿಡ್ ತಂದಿದೀನಿ, ಹಾಕ್ತೀನಿ."

"ಬೇಡ. ಅದರ ಮುಚ್ಚಳಾನೇ ತೆಗೀಬೇಡ."

ಭಾನುವಾರ ಹಾಳಾಯಿತೆಂದು ಗೊಣಗಿ ನರೇಂದ್ರ ಒಪ್ಪಿಕೊಂಡ.

ಊರಿಗೆ ಹೋದ ಮೇಲೆ ಗೊತ್ತಾಗುವುದನ್ನು ಇಲ್ಲೇ ಹೇಳುವುದು ವಾಸಿ ಅನ್ನಿಸಿ, ಬೈಲಪ್ಪ ಹೆಂಡತಿಗೆ ಎಲ್ಲವನ್ನೂ ಹೇಳಿದ. ರುದ್ರಮ್ಮ ಉರುಳಿಬಿದ್ದ ಕಲ್ಲೊಂದರ ಮೇಲೆ ಮುಖ ತಿರುಗಿಸಿ ಕೂತಳು.

"ಬೇರು ಐತೆ," ಅಂದ ಬೈಲಪ್ಪ. "ಬೇರು ಉಳಿದ ಅರಳಿ ತಿಂಗಳೊಳಗೆ ಚಿಗುರ್ತದೆ. ಅದು ನನಗೆ ಗೊತ್ತಿರೋಷ್ಟು ನಿನ್ನ ಸಂಘದೋರಿಗೂ ಗೊತ್ತಿಲ್ಲ."

"ಚಿಗುರದಿದ್ರೆ ಆ ತೂತಲ್ಲಿ ನಿಮ್ಮನ್ನೇ ನೆಡ್ತೀನಿ."

ಅವನಿಗೆ ನಗು ಬಂತು. ಅವಳು ನಗಲಿಲ್ಲ. ಆದರೆ ಬ್ಯಾಗಿನಿಂದ ಬಾಟ್ಲಿ ತೆಗೆದು ಅವನ ಕೈಗೆ ಕೊಟ್ಟಳು. ಅವನು ಕುಡಿದು ವಾಪಸು ಕೊಟ್ಟ. ಉಳಿದ ಎರಡು ಗುಟುಕು ನೀರನ್ನು ರುದ್ರಮ್ಮ ಎದ್ದು ಹೋಗಿ, ಆ ಬೃಹತ್ ಮರದ ಬುಡಕ್ಕೆ ನಿಧಾನವಾಗಿ ಸುರಿದಳು. ಒಣಮಣ್ಣು ಅದನ್ನು ಕುಡಿದು ಮುಗಿಸುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು.