ನಲ್ಲಿಕಟ್ಟೆಯ ಮೇಲಿನ ಕೈ

ಅಂಗಿಯ ಜೇಬಿನಲ್ಲಿ ಫೋನು ನಡುಗಿತು, ತೆಗೆಯೋಣವೆಂದರೆ ಕೈ ಬಗ್ಗಿಸಲೂ ಜಾಗವಿಲ್ಲ, ಮುಂದಿನವನ ಬ್ಯಾಗು ನನ್ನ ಹೊಟ್ಟೆಯಲ್ಲಿ, ಹಿಂದಿನವನ ಉಸಿರು ನನ್ನ ಕುತ್ತಿಗೆಯ ಮೇಲೆ, ಅಂಧೇರಿಯಲ್ಲಿ ಲೋಕಲ್ ರೈಲಿಗೆ ಇನ್ನಷ್ಟು ಜನ ನುಗ್ಗಿದರು — ನೋಡದಿದ್ದರೂ ಗೊತ್ತು, ರೋಶನ್‌ದೇ ಇರಬೇಕು. ಪರೇಲಿನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತುಕೊಂಡೇ ನನ್ನ ಜೊತೆ ಫೋನಿನಲ್ಲಿ ನಮ್ಮ ವಿಕಿಯ ಪುಟಗಳನ್ನು ಕಾಯುವವನು, ಕುಂದಾಪುರದ ಕಡೆಯವನು, ಸಿಟ್ಟೇ ಬಾರದ ಪ್ರಾಣಿ. ಮುಂಬಯಿಯ ಕನ್ನಡ ಬಸ್ತಿಗಳ, ನಮ್ಮವರ ಕೇರಿಗಳ ಕಥೆಯನ್ನು ನಾವೇ ಬರೆದಿಡೋಣ, ಯಾರು ಬೇಕಾದರೂ ಬಂದು ತಿದ್ದಲಿ ಎಂದು ಬಾಗಿಲು ತೆರೆದಿಟ್ಟೆವು, ಒಳಗೆ ಬಂದದ್ದೇನು, ತೂಕ ಇಳಿಸುವ ಪುಡಿ, ರಮ್ಮಿ ಆಟ, ಧಾರಾವಿಯ ಚರ್ಮದ ಕೆಲಸದವರ ಪುಟದಲ್ಲಿ ಮೂಲವ್ಯಾಧಿಯ ಎಣ್ಣೆ, ಜಾತಿ ಹಿಡಿದು ಬೈಗುಳ. ದಿನಾ ಗುಡಿಸುತ್ತೇನೆ, ದಿನಾ ಬೀಳುತ್ತದೆ. ನಮ್ಮೂರ ಶಾಲೆಯ ಗೋಡೆಗೆ ಇದ್ದಲಿಯಿಂದ ಗೀಚಿದವನ ಕೈಯಿಂದಲೇ ಮಾಸ್ತರರು ಗೋಡೆಗೆಲ್ಲ ಸುಣ್ಣ ಹೊಡೆಸಿದ್ದರು, ಈ ಹರಾಮಿಗಳಿಗೆ ಮುಖವೇ ಇಲ್ಲ, ಯಾರ ಕೈಗೆ ಕುಂಚ ಕೊಡಲಿ. ಆದರೆ ಜೋಗೇಶ್ವರಿಯ ಪುಟದಲ್ಲಿ, ನಮ್ಮದೇ ಬಸ್ತಿಯ ಪುಟದಲ್ಲಿ, ಬಂದವರು ಏನನ್ನೂ ಸೇರಿಸುತ್ತಿರಲಿಲ್ಲ, ಏನನ್ನೂ ಮಾರುತ್ತಿರಲಿಲ್ಲ, ಒಂದೇ ಸಾಲು ಅಳಿಸಿ ಹೋಗುತ್ತಿದ್ದರು — ನಮ್ಮ ಬಸ್ತಿಗೆ ನಲ್ಲಿ ತಂದ ಸುಭಾಷ ದೊಡ್ಡ ಮಳೆಯಲ್ಲಿ ನಾಲಾಕ್ಕೆ ಬಿದ್ದು ತೀರಿಕೊಂಡ. ನಾನು ಹಾಕುವುದು, ಅವರು ಅಳಿಸುವುದು, ನಾನು ಮತ್ತೆ ಹಾಕುವುದು. ಯಾರ ಸಾಲು ಅದು, ನಾನು ಬರೆದದ್ದು, ನಾನು ಕಣ್ಣಾರೆ ಕಂಡದ್ದು, ಗಟಾರದ ನೀರು ಕುಡಿಯುವ ನೀರಿಗೆ ಸೇರುತ್ತದೆ ಎಂದು ಎದೆಮಟ್ಟದ ನೀರಿನಲ್ಲಿ ವಾಲ್ವು ಮುಚ್ಚಲು ಹೋದ, ಹಳದಿ ರೇನ್‌ಕೋಟು ಒಮ್ಮೆ ತಿರುಗಿತು, ಆಮೇಲೆ ಬರೀ ನೀರು. ಅಂಥವನನ್ನು ಒರೆಸಿ ಹಾಕಲು ಇವರು ಯಾರು. ಬಗ್ಗಿ ಬಗ್ಗಿ ಹೇಗೋ ಫೋನು ತೆಗೆದೆ, ರೋಶನ್‌ದೇ — ಅಣವೀರಪ್ಪಣ್ಣ, ಇವತ್ತು ಬೆಳಿಗ್ಗೆ ಪುನಃ ಅಳಿಸಿದ್ದಾರೆ, ಅದು ಬೇಕಂತಲೇ ಮಾಡುದು, ಬ್ಲಾಕ್ ಮಾಡಿ ಬಿಡಿ ಮಾರಾಯ್ರೆ, ಪುಟಕ್ಕೂ ಬೀಗ ಹಾಕಿ, ಕೀಲಿ ಇರುದು ನಿಮ್ಮ ಹತ್ರ ಅಲ್ವಾ.

ರೋಶನ್‌ಗೆ ಏನು ಗೊತ್ತು, ಅವನು ಬೆಳಿಗ್ಗೆ ನಲ್ಲಿಯ ಹತ್ತಿರ ಇರಲಿಲ್ಲ. ನಾನಿದ್ದೆ, ನಾನೇ ಬಾಯಿ ಮಾಡಿದೆ, ಕೊಡ ಹಿಡಿದು ನಿಂತ ಹೆಂಗಸರ ಎದುರಿಗೇ, ಸುಭಾಷನ ಸಾಲು ಅಳಿಸುವ ನಾಯಿ ಯಾವುದೆಂದು ಗೊತ್ತಾಗಲಿ, ಹಲ್ಲು ಮುರಿಯುತ್ತೇನೆ ಎಂದೆ. ಪಕ್ಕದ ಮನೆಯ ದೇವಕ್ಕ ನಕ್ಕಳು, ಏನಪಾ, ಮುಂಜಾನೆದ್ದು ನಾಯಿಗೋಳ ಹೆಸರ ತಗೀತಿ, ಶಿವನ ಹೆಸರ ತಗಿ. ನಗು ಮುಗಿಯುವ ಮೊದಲೇ ಮಹಾದೇವಿ, ಸುಭಾಷನ ಹೆಂಡತಿ, ತುಂಬುತ್ತಿದ್ದ ಕೊಡವನ್ನು ನಲ್ಲಿಯ ಕೆಳಗೇ ಬಿಟ್ಟು ಮುಂದೆ ಬಂದಳು. ನಾಯಿ ಅಲ್ಲಣ್ಣಾ, ನಾನು. ಮಗಳು ಶ್ರಾವ್ಯಾ ಅವಳ ಸೆರಗು ಜಗ್ಗುತ್ತಿದ್ದಳು, ಅಪ್ಪ ಹೋದಾಗ ಹೊಟ್ಟೆಯಲ್ಲಿದ್ದವಳು, ಈಗ ಕಾಲೇಜು, ಕಾಕಾ, ಮಮ್ಮೀನೇ ಬೋಲಾ, ಮೈಂನೇ ಬಸ್ ವೋ ಲೈನ್ ಹಟಾಯಾ, ಹೇಳಿದ್ದು ತಾಯಿ, ಸಾಲು ಅಳಿಸಿದ್ದು ಮಗಳ ಕೈ. ಮಹಾದೇವಿ ನನ್ನನ್ನೇ ನೋಡುತ್ತಿದ್ದಳು, ನನ್ನ ಗಂಡನ್ನ ಫೋನಿನ್ಯಾಗ ಸಾಯಿಸಿದಿ, ಹೆಣಾ ನೋಡಿಯೇನ, ಮಣ್ಣಿಗೆ ಹೋಗಿದ್ದಿಯೇನ.

ಹೋಗಿಲ್ಲ, ಯಾರೂ ಹೋಗಿಲ್ಲ, ಹೆಣವೇ ಸಿಗಲಿಲ್ಲ, ನಾಲಾದಿಂದ ಖಾಡಿ, ಖಾಡಿಯಿಂದ ಸಮುದ್ರ. ಕುಣಿ ತೋಡಲಿಲ್ಲ, ವಿಭೂತಿ ಹಚ್ಚಿ ಕೂರಿಸಲಿಲ್ಲ, ಮಣ್ಣಾಗದವನ ಹೆಂಡತಿಯ ಬಳೆ ಯಾರು ತೆಗೆಯಬೇಕು. ಹಿರಿಯರು ಸ್ವಲ್ಪ ದಿನ ನೋಡೋಣ ಎಂದರು, ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ, ಅದೇ ರೂಢಿಯಾಯಿತು, ಪಂಚಮಿಗೆ ಬಳೆಗಾರ ಬಂದರೆ ಅವಳ ಕೈಗೂ ಹಸಿರು ಬಳೆ, ಅರಿಷಿಣ ಕುಂಕುಮಕ್ಕೆ ಅವಳಿಗೂ ಕರೆ, ಎಲ್ಲರಿಗೂ ಗೊತ್ತಿತ್ತು, ಯಾರ ಬಾಯಲ್ಲೂ ಬರಲಿಲ್ಲ. ಬರೆದವನು ನಾನು. ನಮ್ಮ ಬಸ್ತಿಯ ಬಸಲಿಂಗವ್ವ ಮೊನ್ನೆ ಮೊಮ್ಮಗಳ ಉಡಿ ತುಂಬುವ ಕಾರ್ಯಕ್ಕೆ ಬಸ್ತಿಯನ್ನೆಲ್ಲ ಕರೆದು ಇವಳೊಬ್ಬಳನ್ನು ಬಿಟ್ಟಳಂತೆ, ಅವಳ ಹೊಸ ಸೊಸೆ ಫೋನಿನಲ್ಲಿ ನನ್ನ ಸಾಲು ಓದಿದಳಂತೆ. ಅಷ್ಟು ಕೇಳಿದ ಮೇಲಾದರೂ ಸುಮ್ಮನಾಗಬೇಕಿತ್ತು, ನನ್ನ ಬಾಯಿ ಎಲ್ಲಿ ಸುಮ್ಮನಾಗುತ್ತದೆ, ಖರೆ ಅಂದ್ರ ಖರೇನ ತಂಗೆವ್ವಾ, ನಾ ಕಣ್ಣಿಲೆ ಕಂಡೀನಿ, ಇನ್ನೂ ಬರ್ತಾನಂತ ಕುಂತೀಯೇನ ಎಂದೆ. ಅವಳು ಅಳಲಿಲ್ಲ. ಸೆರಗು ಸರಿಸಿ ನಲ್ಲಿಕಟ್ಟೆಯ ಕಲ್ಲಿನ ಮೇಲೆ ಕೈ ಇಟ್ಟಳು, ಅಂಗೈ ಮೇಲಾಗಿ, ಬಳೆಗಳು ಕಲ್ಲಿಗೆ ತಾಗಿ ಸಣ್ಣಗೆ ಸಪ್ಪಳವಾಯಿತು. ಹಂಗಾದ್ರ ಒಡಿ. ನೀನ ಒಡಿ. ಕೊಡ ತುಂಬಿ ಹರಿಯುತ್ತಿತ್ತು, ನೀರಿಗಾಗಿ ದಿನಾ ಕಚ್ಚಾಡುವ ಹೆಂಗಸರು, ಒಬ್ಬಳೂ ನಲ್ಲಿ ನಿಲ್ಲಿಸಲಿಲ್ಲ, ಸುಭಾಷ ತಂದ ನೀರು ಅವಳ ಮೊಣಕೈವರೆಗೆ ಹರಿಯಿತು, ನಾನು ಲೋಕಲ್ ತಪ್ಪುತ್ತದೆ ಎಂದು ಹೇಳಿ ಬಂದುಬಿಟ್ಟೆ.

ಬಾಂದ್ರಾ. ಇಳಿಯುವವರು ತಳ್ಳಿದರು, ಹತ್ತುವವರು ತಳ್ಳಿದರು, ಫೋನು ಕೈಯಲ್ಲೇ ಇದೆ. ಸಾಲು ಇಲ್ಲದ ಪುಟ ನೋಡಿದೆ, ನಲ್ಲಿ ತಂದ ಸುಭಾಷನೂ ಇಲ್ಲ, ಮಳೆಯೂ ಇಲ್ಲ, ವಾಲ್ವು ತಾನೇ ಮುಚ್ಚಿಕೊಂಡ ಹಾಗೆ, ಹಳದಿ ರೇನ್‌ಕೋಟು ಇನ್ನು ನನ್ನ ತಲೆಯಲ್ಲಿ ಮಾತ್ರ, ನಾನು ಹೋದರೆ ಅಲ್ಲೂ ಇಲ್ಲ — ಹಾಕಬೇಕು, ಹಾಕಿ ಬೀಗ ಜಡಿಯಬೇಕು, ಖರೆ ಖರೇನೇ ಅಲ್ಲವೇ, ಬಸಲಿಂಗವ್ವನ ಸೊಸೆ ಓದುತ್ತಾಳೆ, ಸೊಸೆಯ ಮಗಳು ಓದುತ್ತಾಳೆ, ಬೀಗ ಹಾಕಿದ ಮೇಲೆ ಶ್ರಾವ್ಯಾ ಏನು ಮಾಡಿದರೂ ಹೋಗುವುದಿಲ್ಲ. ರೋಶನ್ ಮತ್ತೆ ಕೇಳಿದ, ಆಯ್ತಾ ಅಣ್ಣ. ಆಗುತ್ತದೆ, ಒತ್ತಿದರೆ ಆಯಿತು, ಈ ಸಂಪಾದಕರನ್ನು ಖಚಿತವಾಗಿ ತಡೆಯಬೇಕೆ ಎಂದು ಫೋನು ಕೇಳುತ್ತಿದೆ, ಸಂಪಾದಕರೆಂದರೆ ಶ್ರಾವ್ಯಾ, ಕೆಳಗೆ ಹೌದು, ಹೌದು ಎನ್ನುವುದರ ಮೇಲೆ ನನ್ನ ಹೆಬ್ಬೆರಳು, ಬೆವರಿಗೆ ಗಾಜು ಒದ್ದೆ, ಆ ಕಲ್ಲೂ ಒದ್ದೆಯಾಗಿತ್ತು, ನಾನು ತಿರುಗಿ ನೋಡಿದಾಗಲೂ ಅವಳು ಕೈ ತೆಗೆದಿರಲಿಲ್ಲ, ಈಗಲೂ ತೆಗೆದಿಲ್ಲ, ಒದ್ದೆ ಕಲ್ಲು, ಅದರ ಮೇಲೆ ಕೈ, ಅಂಗೈ ಮೇಲಾಗಿ, ಹಸಿರು ಬಳೆ, ಕಲ್ಲಿನ ಮೇಲೆ ಹಸಿರು ಬಳೆ —