ನೆಲಕ್ಕೆ ಬಿದ್ದ ಏಟುಗಳು

ಗುರುಲಿಂಗಮ್ಮ ಏಳು ವರ್ಷದಿಂದ ನೆಲಕ್ಕೆ ಹೊಡೆಯುತ್ತ ಬಂದಿದ್ದಳು. ಮೊಮ್ಮಗ ಬಸವಂತರಾಯ ತಪ್ಪುಹೆಜ್ಜೆ ಇಡುವ ಕಾಲದಲ್ಲಿ ಮುಗ್ಗರಿಸಿದರೆ ಸಾಕು, ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಓಡಿಬಂದು, ಅಂಗೈ ಬೀಸಿ ಪಡಸಾಲೆಯ ಕಲ್ಲಿಗೆ ಎರಡು ಬಿಗಿಯುತ್ತಿದ್ದಳು. "ನನ್ನ ಕೂಸಿಗೆ ಬಡೀತಿಯೇನು? ತಗೋ, ತಗೋ." ಕೂಸು ಅಳು ನಿಲ್ಲಿಸಿ ಕೇಕೆ ಹಾಕುತ್ತಿತ್ತು. ತಲೆಗೆ ಬಾಗಿಲು ತಾಗಿದರೆ ಬಾಗಿಲಿಗೆ ಏಟು. ಹಾಲು ಚೆಲ್ಲಿದರೆ ಬೆಕ್ಕಿಗೆ ಬೈಗುಳ. ಬಳಪ ಕಳೆದರೆ ಶಾಲೆಯಲ್ಲಿ ಪಕ್ಕಕ್ಕೆ ಕೂತ ಹುಡುಗ ಕಳ್ಳ. ಸೊಸೆ ಶೇಖರಮ್ಮ ಒಂದೇ ಒಂದು ಸಲ, "ಅತ್ತಿ, ನೆಲ ಏನ್ ಮಾಡೈತ್ರಿ? ನೋಡ್ಕೊಂಡು ನಡಿ ಅನ್ರಿ ಅವಗ" ಎಂದು ಬಾಯಿಬಿಟ್ಟಿದ್ದಳು. "ಹಡದಾಕಿಗೆ ಕರುಳು ಇರಬೇಕವಾ" ಎಂದು ಮುದುಕಿ ತಿರುಗಿ ಕೊಟ್ಟ ಮೇಲೆ ಆ ಹೆಣ್ಣುಮಗಳು ಮತ್ತೆ ಆ ಮಾತೆತ್ತಲಿಲ್ಲ. ಆ ಮನೆಯಲ್ಲಿ ಗುರುಲಿಂಗಮ್ಮನಿಗೆ ಎದುರಾಡುವವರೇ ಇರಲಿಲ್ಲ. ಮಗ ಕರಿಬಸಪ್ಪ ಊರಿನ ಪೊಲೀಸ್ ಪಾಟೀಲ, ಲಿಂಗಸುಗೂರಿನ ತಹಶೀಲದಾರನ ಮುಂದೆಯೂ ಗಟ್ಟಿ ದನಿಯಲ್ಲಿ ಮಾತಾಡುವ ಗಂಡಸು. ಅಂಥವನೂ ಅವ್ವನ ಮುಂದೆ ದನಿ ಇಳಿಸುತ್ತಿದ್ದ.

ಅವರದು ಮಸ್ಕಿಗೂ ಪಾಮನಕಲ್ಲೂರಿಗೂ ನಡುವಿನ ಎರೆಭೂಮಿಯ ಊರು. ಬೇಸಿಗೆ ಬಂತೆಂದರೆ ಊರಿಗೆಲ್ಲ ಸಿಹಿನೀರು ಸಿಗುತ್ತಿದ್ದದ್ದು ಒಂದೇ ಬಾವಿಯಲ್ಲಿ. ಬಾವಿಯಿಂದ ಹತ್ತು ಮಾರು ಈಚೆಗೆ ಒಂದು ಗಡಿಕಲ್ಲು ನೆಟ್ಟಿದ್ದರು. ಊರ ಹೊರಗಿನ ಕೇರಿಯ ಹೆಂಗಸರು ಆ ಕಲ್ಲು ದಾಟುವಂತಿರಲಿಲ್ಲ, ಹಗ್ಗ ಮುಟ್ಟುವಂತಿರಲಿಲ್ಲ. ಕಲ್ಲಿನ ಹೊರಗೆ ಗಡಿಗೆ ಇಟ್ಟು ಕೂತಿರಬೇಕು. ಊರೊಳಗಿನ ಯಾರಾದರೂ ಹೆಣ್ಣುಮಗಳಿಗೆ ಮನಸ್ಸು ಬಂದಾಗ ಮೇಲಿಂದ ಎರಡು ಕೊಡ ಸುರಿದರೆ ಉಂಟು, ಇಲ್ಲವಾದರೆ ಇಲ್ಲ. ನಿಜಾಮರ ಸರಕಾರವಿದ್ದರೂ ಬಾವಿಯ ಮೇಲೆ ಸರಕಾರ ನಡೆಸುತ್ತಿದ್ದದ್ದು ಆ ಗಡಿಕಲ್ಲು.

ಅವತ್ತು ಮಸ್ಕಿ ಸಂತೆ. ಅರ್ಧ ಊರು ಗಾಡಿ ಕಟ್ಟಿಕೊಂಡು ಹೋಗಿತ್ತು. ಹೊತ್ತು ನೆತ್ತಿಯಿಂದ ಇಳಿಯುವಾಗ ನೀರಿಗೆ ಹೋದ ಹೆಂಗಸರು ಬಾವಿಯೊಳಗೆ ಇಣುಕಿ ಕೊಡ ಅಲ್ಲೇ ಬಿಟ್ಟು ಕೂಗುತ್ತ ಬಂದರು. ನೀರಿನಲ್ಲಿ ಬಾವಿಯ ಹಗ್ಗ ಬಿದ್ದಿತ್ತು. ಪಕ್ಕದಲ್ಲೇ ಒಡೆದ ಮಣ್ಣಿನ ಗಡಿಗೆಯೊಂದು ಕಲ್ಲಿಗೆ ಸಿಕ್ಕಿಕೊಂಡಿತ್ತು. ಬಾವಿಗೆ ಇಳಿದು ರೂಢಿಯಿದ್ದ ರಾಜೇಸಾಬ್ ಕಲ್ಲುಸಂದಿಯಲ್ಲಿ ಕಾಲಿಟ್ಟು ಇಳಿದು ಅದನ್ನು ಮೇಲೆ ತಂದ. ಗಡಿಗೆಯ ಕೊರಳಿಗೆ ಕೆಂಪು ಚಿಂದಿ ಕಟ್ಟಿತ್ತು. ಆ ಚಿಂದಿಯ ಗಡಿಗೆ ಕೇರಿಯ ಯಮನಮ್ಮನದೆಂದು ಹೇಳಲು ಯಾರೂ ಯೋಚನೆ ಮಾಡಬೇಕಾಗಿರಲಿಲ್ಲ.

ಯಮನಮ್ಮನನ್ನು ಚಾವಡಿಗೆ ಕರೆಸಿದರು. "ಮುಂಜಾನಿಂದ ಕುಂತಿದ್ನಿರಿ. ಯಾರೂ ಬರಲಿಲ್ಲ. ಗಡಿಗಿ ಅಲ್ಲೇ ಇಟ್ಟು ಶಗಣಿ ಆರಿಸಾಕ ಹೋದೆ. ತಿರುಗಿ ಬಂದು ನೋಡಿದ್ರ ಗಡಿಗಿ ಇರಲಿಲ್ಲ" ಅಂದಳು. ಯಾರೋ ಗುಂಪಿನಲ್ಲಿದ್ದ ಹುಡುಗರನ್ನು ಕೇಳಿದರು, ಬಾವಿ ಕಡೆಗೆ ಯಾರಾದರೂ ಹೋಗಿದ್ದಿರೇನು ಎಂದು. ಪಾಟೀಲರ ಬಸವಂತ ಮುಂದೆ ಬಂದ.

"ಯಮನಮ್ಮನೇ ಹಗ್ಗಕ್ಕ ಗಡಿಗಿ ಕಟ್ಟಿ ಸೇದಾಕತ್ತಿದ್ಲು. ನಾ ನೋಡೀನಿ" ಅಂದ.

ಮುಗಿಯಿತು. ಪಾಟೀಲರ ಮಗ, ಎಂಟು ವರ್ಷದ ಹುಡುಗ, ಅವನೇಕೆ ಸುಳ್ಳು ಹೇಳಿಯಾನು? ಬಾವಿ ಮೈಲಿಗೆ ಮಾಡಿದ್ದಕ್ಕೆ ಹೊತ್ತು ಮುಳುಗುವುದರೊಳಗೆ ಯಮನಮ್ಮ ಮಗಳನ್ನು ಕರೆದುಕೊಂಡು ಊರು ಬಿಡಬೇಕು, ಗುಡಿಸಲು ಕಿತ್ತುಹಾಕಬೇಕು ಎಂದು ಹಿರಿಯರು ತೀರ್ಮಾನ ಕೊಟ್ಟರು. ಗಂಡನಿಲ್ಲದ ಹೆಂಗಸು, ಸುತ್ತ ಹತ್ತು ಹಳ್ಳಿಗೆ ಸುದ್ದಿ ಮುಟ್ಟಿದ ಮೇಲೆ ಅವಳನ್ನು ಯಾವ ಊರು ಒಳಗೆ ಬಿಟ್ಟುಕೊಳ್ಳುತ್ತದೆ? ಅದನ್ನು ಯಾರೂ ಕೇಳಲಿಲ್ಲ.

ಗುರುಲಿಂಗಮ್ಮನಿಗೆ ಸುದ್ದಿ ತಂದವನು ಬಸವಂತನೇ. ಮೊಮ್ಮಗ ಚಾವಡಿಯಲ್ಲಿ ಸಾಕ್ಷಿ ಹೇಳಿ ಬಂದನಲ್ಲ ಎಂದು ಮುದುಕಿಗೆ ಹಿಗ್ಗು. ತಟ್ಟೆ ಹಾಕಿ, ಬಿಸಿ ರೊಟ್ಟಿ, ಕೆಂಪು ಖಾರದ ಚಟ್ನಿ, ಮೇಲೆ ಬೆಣ್ಣೆ ಇಟ್ಟಳು. ಹುಡುಗ ರೊಟ್ಟಿ ಮುರಿದು ಚಟ್ನಿಗೆ ಹಚ್ಚಿದವನೇ "ಸ್ಸ್" ಎಂದು ಕೈ ಜಾಡಿಸಿದ. ಮರುಗಳಿಗೆ ಆ ಕೈ ತೊಡೆಯ ಕೆಳಗೆ ಹೋಯಿತು.

"ಏನಾತೋ? ಇಲ್ಲಿ ಕೊಡು ಕೈ."

"ಏನಿಲ್ಲ ಆಯಿ."

ಮುದುಕಿ ಕೈ ಎಳೆದುಕೊಂಡು ಬಿಡಿಸಿದಳು. ಅಂಗೈಯ ಚರ್ಮ ಅಡ್ಡಕ್ಕೆ ಸುಲಿದು ಕೆಂಪಾಗಿತ್ತು. ಗಾಯದೊಳಗೆ ಹಗ್ಗ ಹೊಸೆಯುವ ಪುಂಡಿನಾರಿನ ಎರಡು ಎಳೆ ಅಂಟಿಕೊಂಡಿದ್ದವು. ಹದಿನಾಲ್ಕನೆಯ ವಯಸ್ಸಿಗೆ ಸಿಂಧನೂರಿನ ತವರುಮನೆ ಬಿಟ್ಟು ಬಂದು ನಲವತ್ತು ವರ್ಷ ಅದೇ ಬಾವಿಯಿಂದ ನೀರು ಸೇದಿದವಳು ಅವಳು. ತುಂಬಿದ ಕೊಡದ ಭಾರಕ್ಕೆ ಹಗ್ಗ ಜಾರಿದರೆ ಅಂಗೈ ಹೇಗಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಗ ಅವಳು ಮಾಡಿದ್ದನ್ನು ಮುಚ್ಚಿಟ್ಟರೆ ಕಥೆಗೆ ಮೋಸ ಮಾಡಿದ ಹಾಗೆ. ಮೊದಲು ಎದ್ದುಹೋಗಿ ತಲಬಾಗಿಲು ಮುಂದೆ ಮಾಡಿದಳು. ನಾರು ಕಿತ್ತು, ಬೆಣ್ಣೆ ಹಚ್ಚಿ, ಹಳೆಯ ಧೋತರದ ತುಂಡು ಹರಿದು ಕೈಗೆ ಸುತ್ತಿದಳು. "ಯಾರರ ಕೇಳಿದ್ರ ಕುಡಗೋಲು ತಾಗೈತಿ ಅನ್ನು. ತಿಳೀತೇನು?" ಅಂದಳು.

ಹುಡುಗನ ಮುಖ ಅರಳಿತು. ಎಡಗೈಯಲ್ಲಿ ರೊಟ್ಟಿ ಹಿಡಿದು ತಿನ್ನತೊಡಗಿದ. ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ, "ಆಕೀದೇ ತಪ್ಪು ಆಯಿ. ಗಡಿಗಿ ಬಿಟ್ಟು ಯಾಕ ಹೋಗಬೇಕಿತ್ತು?" ಎಂದ. ಹಾಗೆಂದು ನೆಲಕ್ಕೆ ಎಡಗೈಯಿಂದ ಒಂದು ತಟ್ಟಿದ. ಸುಮ್ಮನೆ, ರೂಢಿಯ ಮೇಲೆ.

ಗುರುಲಿಂಗಮ್ಮನ ಕೈ ಅಲ್ಲೇ ನಿಂತಿತು. ಅದು ಅವಳದೇ ಮಾತು, ಅವಳದೇ ಏಟು. ಆಚೆ ಒಂದು ಹೆಂಗಸು ಗಂಟು ಕಟ್ಟುತ್ತಿದ್ದಾಳೆ, ಈಚೆ ಈ ಕೂಸು ಬೆಣ್ಣೆ ಮೆತ್ತಿದ ರೊಟ್ಟಿ ತಿನ್ನುತ್ತಿದೆ. ಅದಕ್ಕೆ ಒಂದಿಷ್ಟೂ ಅಳುಕಿಲ್ಲ. ಇವನನ್ನು ಹೀಗೆ ಮಾಡಿದವರು ಯಾರು ಎಂದು ಕೇಳಿಕೊಂಡಾಗ ಬೆರಳು ತೋರಿಸಲು ಅವಳಿಗೆ ಬೇರೆ ಯಾರೂ ಸಿಗಲಿಲ್ಲ. ಮುದುಕಿಗೆ ನಿಜವಾಗಿಯೂ ಹೆದರಿಕೆಯಾಯಿತು. ಊರಿನವರ ಹೆದರಿಕೆಯಲ್ಲ, ಆ ಎಂಟು ವರ್ಷದ ಹುಡುಗನ ಹೆದರಿಕೆ.

ಹೊರಗೆ ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು. ಕೇರಿಯ ಕಡೆಯಿಂದ ಬಿದಿರು ಮುರಿಯುವ ಸದ್ದು ಕೇಳಿಸಿತು. ಗುಡಿಸಲು ಕೀಳಲು ಶುರು ಮಾಡಿದ್ದರು.

"ಏಳು. ಚಾವಡಿಗೆ ನಡಿ" ಅಂದಳು.

"ಯಾಕ?"

"ಹೇಳಬೇಕಾದ್ದು ಹೇಳಾಕ."

ಅವನು ತಟ್ಟೆ ಬಿಟ್ಟು ಹಿಂದಕ್ಕೆ ಸರಿದ. ಕಂಬ ಹಿಡಿದು ಕೂತ. ಅವಳು ಒಳ್ಳೆಯ ಕೈ ಹಿಡಿದು ಎಬ್ಬಿಸಿದಳು. ಪಾಟೀಲರ ಮನೆಯ ಹೆಣ್ಣುಮಕ್ಕಳು ಚಾವಡಿಯ ಮುಂದೆ ಹಾಯುವಾಗಲೂ ಸೆರಗು ಹೊದ್ದು ಓಣಿಯ ಆಚೆ ಅಂಚಿಗೆ ಹೋಗುತ್ತಿದ್ದರು. ಗುರುಲಿಂಗಮ್ಮ ಅದರ ಕಟ್ಟೆಯನ್ನು ಒಮ್ಮೆಯೂ ಹತ್ತಿದವಳಲ್ಲ. ಸೆರಗು ತಲೆಗೆ ಎಳೆದುಕೊಂಡು ಬಾಗಿಲು ತೆಗೆದಳು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಶೇಖರಮ್ಮ ಸರಿದು ದಾರಿ ಬಿಟ್ಟಳು.

ಓಣಿಯ ತಿರುವಿನಲ್ಲಿ ಹುಡುಗ ಕೈ ಕೊಸರಿಕೊಂಡು ಓಡಲು ನೋಡಿದ. ಗಾಡಿಜಾಡಿನ ಕಲ್ಲಿಗೆ ಎಡವಿ ಮುಂದಕ್ಕೆ ಬಿದ್ದ. ಮಂಡಿ ಕೆತ್ತಿ ರಕ್ತ ಜಿನುಗಿತು. ಬಿದ್ದಲ್ಲಿಂದಲೇ ತಲೆಯೆತ್ತಿ ಆಯಿಯ ಮುಖ ನೋಡಿದ. ಕಾಯುತ್ತಿದ್ದ. ಏಳು ವರ್ಷ ಬಂದ ಏಟು ಈಗಲೂ ಬರುತ್ತದೆ, ಕಲ್ಲಿಗೆ ಬೀಳುತ್ತದೆ ಎಂದು ಕಾಯುತ್ತಿದ್ದ.

ಮುದುಕಿಯ ಕೈ ತಾನಾಗಿ ಮುಂದೆ ಹೋಗಿತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

"ಕಲ್ಲು ಏನೂ ಮಾಡಿಲ್ಲ. ನೀ ನೋಡಲಿಲ್ಲ. ಏಳು."

ಹುಡುಗನ ತುಟಿ ಅದುರಿತು. ಆಮೇಲೆ ಅಳು ಬಂತು. ನೋವಿನ ಅಳುವಲ್ಲ ಅದು, ಅಂಥ ಅಳು ಆ ಮನೆಯಲ್ಲಿ ಅವಳು ಕೇಳಿಯೇ ಇರಲಿಲ್ಲ. ಬಿಕ್ಕುತ್ತ ಹೇಳಿದ: "ಆಕಿ ಮುಂಜಾನಿಂದ ಕುಂತಿದ್ಲು ಆಯಿ. ಶಾಲಿಗೆ ಹೋಗೋವಾಗೂ ಕುಂತಿದ್ಲು, ಬರೋವಾಗೂ ಕುಂತಿದ್ಲು. ಆಮ್ಯಾಲೆ ನೋಡಿದ್ರ ಗಡಿಗಿ ಒಂದೇ ಇತ್ತು. ತುಂಬಿ ಇಡೋಣು ಅಂದೆ. ಭಾಳ ಭಾರಾತು. ಹಗ್ಗ ಜಾರಿ ಹೋತು."

ಊರಿನ ಒಬ್ಬ ಹೆಣ್ಣುಮಗಳಿಗೂ ಹೊಳೆಯದ್ದು ಈ ಹುಡುಗನಿಗೆ ಹೊಳೆದಿತ್ತು. ಗುರುಲಿಂಗಮ್ಮನಿಗೂ ಹೊಳೆದಿರಲಿಲ್ಲ.

"ಮತ್ತ ಆಕಿ ಮ್ಯಾಲ ಯಾಕ ಹಾಕಿದಿ?"

"ಗಡಿಗಿ ಒಡೀತಲ್ಲ" ಎಂದ ಹುಡುಗ. ಅವನ ಲೆಕ್ಕದಲ್ಲಿ ಅದೇ ಪೂರ್ತಿ ಉತ್ತರವಾಗಿತ್ತು.

ಚಾವಡಿಯಲ್ಲಿ ಏಳೆಂಟು ಜನ ಕೂತಿದ್ದರು. ಸಂತೆಯಿಂದ ಆಗಷ್ಟೇ ಬಂದ ಕರಿಬಸಪ್ಪ ನಡುವೆ ಇದ್ದ. ದೂರದಲ್ಲಿ ಬೇವಿನ ಗಿಡದ ಬುಡಕ್ಕೆ ಯಮನಮ್ಮ ನಿಂತಿದ್ದಳು, ತಲೆಯ ಮೇಲೆ ಗಂಟು, ಸೆರಗು ಹಿಡಿದ ಮಗಳು ಅಯ್ಯಮ್ಮ. ಮುದುಕಿ ಕಟ್ಟೆ ಹತ್ತಿದ್ದು ನೋಡಿ ಕರಿಬಸಪ್ಪ ಎದ್ದು ನಿಂತ.

"ಅವ್ವಾ, ಇಲ್ಲಿಗ್ಯಾಕ ಬಂದಿ? ಮನಿಗೆ ನಡಿ" ಅಂದ ಕರಿಬಸಪ್ಪ.

"ನಿನ್ನ ಮಗ ಮಾತಾಡ್ತಾನ. ಕೇಳು."

ತಾನೇ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ತಾನು ಹೇಳಿದರೆ ಮತ್ತೆ ಅವನ ಬದಲು ತಾನೇ ನೆಲಕ್ಕೆ ಹೊಡೆದ ಹಾಗಾಗುತ್ತದೆ ಎಂದು ಹಲ್ಲು ಕಚ್ಚಿ ನಿಂತಳು. ಹುಡುಗ ತಂದೆಯ ಕಡೆ ನೋಡಿದ, ಕಾಲಿನ ಕಡೆ ನೋಡಿದ. ಹೊತ್ತು ಬೇವಿನ ಗಿಡದ ಕೆಳಗಿನ ಟೊಂಗೆಗೆ ಬಂದಿತ್ತು. ಕೇರಿಯಲ್ಲಿ ಇನ್ನೊಂದು ಬಿದಿರು ಮುರಿಯಿತು.

ಹುಡುಗನ ಕೈಗೆ ಸುತ್ತಿದ್ದ ಬಟ್ಟೆ ನೋಡಿ ಅಂಗಡಿಯ ಅಮರಪ್ಪ ನಗುತ್ತ ಮುಂದೆ ಬಾಗಿದ. ಪಾಟೀಲರ ಮನೆಯವರಿಗೆ ಅನುಕೂಲ ಮಾಡಿಕೊಡುವುದೆಂದರೆ ಅವನಿಗೆ ಎಲ್ಲಿಲ್ಲದ ಉಮೇದು. "ಹೆದರಬ್ಯಾಡ ತಮ್ಮಾ. ಆಕೀನೇ ನಿನಗ ನೀರು ಸೇದಿ ಕೊಡು ಅಂದ್ಲೇನು? ಹೌದಂದ್ರ ಹೌದನ್ನು, ಮುಗೀತು."

ಅಗಲವಾದ ಬಾಗಿಲು ತೆಗೆದುಕೊಟ್ಟಿದ್ದ ಅಮರಪ್ಪ. ಹುಡುಗನ ಕಣ್ಣು ಮಿಂಚಿದ್ದನ್ನು ಗುರುಲಿಂಗಮ್ಮ ನೋಡಿದಳು. ಹ್ಞೂಂ ಎಂದರೆ ಸಾಕಿತ್ತು. ಅವನು ಆಯಿಯ ಕಡೆ ತಿರುಗಿದ. ಅವಳು ತಲೆ ಆಡಿಸಲಿಲ್ಲ, ಹೌದೆಂದೂ ಇಲ್ಲ, ಅಲ್ಲವೆಂದೂ ಇಲ್ಲ. ಈಗ ಇವನು ಹೌದೆಂದರೆ ಯಮನಮ್ಮನೂ ಹೋದಳು, ಈ ಕೂಸೂ ಹೋಯಿತು ಅನ್ನಿಸಿತು ಅವಳಿಗೆ.

ಬಸವಂತ ಹಲ್ಲಿನಿಂದ ಗಂಟು ಬಿಚ್ಚಿ ಕೈಯ ಬಟ್ಟೆ ತೆಗೆದ. ಅಂಗೈ ಚಾಚಿದ.

"ನಾನೇ ಸೇದಿದ್ದು. ಆಕಿ ಅಲ್ಲಿ ಇರಲೇ ಇಲ್ಲ. ನಾ ಸುಳ್ಳು ಹೇಳೀನಿ."

ಕರಿಬಸಪ್ಪ ಮಗನ ಅಂಗೈಯನ್ನು ನೋಡಿದ, ಕೂತವರ ಮುಖ ನೋಡಿದ, ಗಂಟಲು ಸರಿಮಾಡಿಕೊಂಡ. "ಹ್ಞಾಂ. ಆ ಹಗ್ಗ ಹಳೇದಾಗಿತ್ತು" ಅಂದ. "ಪಿಸದು ಹೋಗಿತ್ತು. ಹಗ್ಗದ್ದೇ ತಪ್ಪು."

"ಹೌದ್ರಿ ಗೌಡ್ರ, ಹಗ್ಗ ಪೂರಾ ಹಾಳಾಗಿತ್ತು" ಅಂದ ಅಮರಪ್ಪ. "ನಾನೂ ನೋಡಿದ್ದೆ" ಅಂದ ಇನ್ನೊಬ್ಬ. ಗಳಿಗೆಯ ಹಿಂದೆ ಒಂದು ಸಂಸಾರವನ್ನು ಬೀದಿಗೆ ಹಾಕಿದ್ದ ತಪ್ಪು ಈಗ ಹಗ್ಗದ ಕೊರಳಿಗೆ ಬಿತ್ತು. ಬಾವಿಯ ನೀರು ಖಾಲಿ ಮಾಡಿಸಿ ತೊಳೆದರಾಯಿತು, ಹೊಸ ಹಗ್ಗ ತಂದರಾಯಿತು ಎಂದು ಎಲ್ಲರೂ ಹಗುರಾದರು.

ಗುರುಲಿಂಗಮ್ಮ ಮಗನನ್ನೇ ನೋಡುತ್ತ ನಿಂತಳು. ನಲವತ್ತರ ಗಂಡಸು, ಹುರಿ ಮೀಸೆ, ತಲೆಗೆ ರುಮಾಲು. ಇದೇ ಕರಿಬಸಪ್ಪ ತಪ್ಪುಹೆಜ್ಜೆ ಇಡುತ್ತಿದ್ದಾಗಲೂ ಅದೇ ಪಡಸಾಲೆ, ಅದೇ ಕಲ್ಲು ಇದ್ದವು. ಅವನ ಪಾಲಿನ ಏಟುಗಳನ್ನೂ ಆ ಕಲ್ಲಿಗೆ ಕೊಟ್ಟವಳು ಅವಳೇ. ಅವಳಿಗೆ ಅದು ಇಷ್ಟು ವರ್ಷ ನೆನಪೇ ಆಗಿರಲಿಲ್ಲ. ನಾಚಿಕೆಯಿಂದ ಮುಖ ಸುಟ್ಟುಹೋಯಿತು.

"ಹಗ್ಗ ಹೊಸಾದೇ ಇತ್ತಪ್ಪ" ಎಂದ ಬಸವಂತ. "ನಾನೇ ಕೈ ಬಿಟ್ಟೆ."

ಕರಿಬಸಪ್ಪನ ಕೈ ಮೇಲೆದ್ದಿತು. ಅವ್ವನ ಕಣ್ಣು ನೋಡಿ ಇಳಿಯಿತು. ಅವನು ಬೇವಿನ ಗಿಡದ ಕಡೆ ಮುಖ ಮಾಡಿ, ಯಾರನ್ನೂ ನೋಡದೆ, "ಯಮನಮ್ಮಾ, ಗುಡಿಸಲಕ್ಕ ಹೋಗು. ಕಿತ್ತವ್ರೇ ತಿರುಗಿ ಹೊದಿಸ್ತಾರ. ನಮ್ದು ತಪ್ಪಾಗ್ಯದ" ಅಂದ. ಆ ಕೊನೆಯ ಮಾತು ಚಾವಡಿಯ ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಗುರುಲಿಂಗಮ್ಮನಿಗೆ ಕೇಳಿಸಿತು.

ಯಮನಮ್ಮ ಗಂಟು ಇಳಿಸಲಿಲ್ಲ. ಅಳಲೂ ಇಲ್ಲ. ಒಣಗಿದ ತುಟಿಯ ಮೇಲೆ ನಾಲಿಗೆ ಆಡಿಸಿಕೊಂಡು, "ನನ್ನ ಗಡಿಗಿರಿ?" ಎಂದು ಕೇಳಿದಳು. ಮುಂಜಾನೆಯಿಂದ ಆ ತಾಯಿಮಗಳ ಬಾಯಿಗೆ ಒಂದು ಹನಿ ನೀರು ಬಿದ್ದಿರಲಿಲ್ಲ.

"ಒಡದಾಂವ ನಾನು. ನಾ ತರ್ತೀನಿ" ಎಂದ ಬಸವಂತ. ಕಟ್ಟೆ ಇಳಿದು, ಮಂಡಿ ಕುಂಟುತ್ತ, ಮನೆಯ ಕಡೆ ಹೊರಟ. ಗಾಡಿಜಾಡಿನ ಆ ಕಲ್ಲಿನ ಹತ್ತಿರ ಬಂದಾಗ ಕೆಳಗೆ ನೋಡಿ, ಸುತ್ತಿ ಹಾದುಹೋದ.