ಕೇಸರಿ ಹಿಡಿಯ ಚಾಕು

ಸಿದ್ದಲಿಂಗೇಶ ಆ ಚಾಕು ತಂದ ದಿನ ಪಂಕಜಾಕ್ಷಿ ನಕ್ಕುಬಿಟ್ಟಿದ್ದಳು. ಕಡೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಗಂಡ, ತಾಮ್ರದ ತಂತಿ ತರಲು ತರೀಕೆರೆಗೆ ಹೋದವನು, ಹಾರ್ಡ್‌ವೇರ್ ಅಂಗಡಿಯಲ್ಲಿ ನೇತುಹಾಕಿದ್ದನ್ನು ಕಂಡು ಇನ್ನೂರೆಂಬತ್ತು ರೂಪಾಯಿ ಕೊಟ್ಟು ತಂದಿದ್ದ. ಅಂಗೈಯಷ್ಟು ಉದ್ದದ ಅಲಗು, ಮಡಚುವಂತಿಲ್ಲ. ಕೇಸರಿ ಬಣ್ಣದ ಪ್ಲಾಸ್ಟಿಕ್ ಹಿಡಿ, ಬೆಲ್ಟಿಗೆ ಸಿಕ್ಕಿಸಿಕೊಳ್ಳಲು ಒಂದು ಒರೆ.

"ಮನೇಲಿ ಈಳಿಗೆ ಮಣೆ ಇಲ್ವೇನ್ರೀ? ಇದನ್ನ ಸೊಂಟಕ್ಕೆ ಸಿಗಿಸ್ಕಂಡು ಯಾವ ಪಾಳೇಗಾರನ ಮೇಲೆ ಹೋಗ್ತೀರಾ?"

"ಭಾನುವಾರ ಬರ್ಲಿ, ಗೊತ್ತಾಗುತ್ತೆ ಕಣೇ."

ಭಾನುವಾರ ಹೆಂಡತಿಯನ್ನೂ ಎಂಟು ವರ್ಷದ ಮಗಳು ಅಮೂಲ್ಯಾಳನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಸರ್ಕಾರದ ಹುಲ್ಲುಗಾವಲಾದ ಎಮ್ಮೆದೊಡ್ಡಿ ಕಾವಲಿನ ಕಡೆ ಹೊರಟ. ಕಣ್ಣು ಹಾಯುವವರೆಗೂ ಹುಲ್ಲು, ಅಲ್ಲಲ್ಲಿ ಜಾಲಿ, ದೂರದಲ್ಲಿ ಕೊಂಬು ಹಿಂದಕ್ಕೆ ಬಾಗಿದ ಅಮೃತಮಹಲ್ ದನಗಳು. ಅಲ್ಲಿ ಅವನು ಬೇರೆಯೇ ಮನುಷ್ಯನಾಗಿದ್ದ. ಆ ಚಾಕುವಿನಲ್ಲೇ ಸೌತೆಕಾಯಿ ಹೆಚ್ಚಿದ, ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿದ, ಮಗಳ ಚಪ್ಪಲಿಗೆ ನಾಟಿದ್ದ ಮುಳ್ಳು ಕಿತ್ತ, ಒಣಕಡ್ಡಿ ಸೀಳಿ ಮೂರು ಕಲ್ಲಿನ ನಡುವೆ ಒಲೆ ಹೂಡಿ ಟೀ ಕಾಯಿಸಿದ. ಹೊಗೆ ವಾಸನೆಯ ಆ ಟೀ ಕುಡಿದ ಮೇಲೆ ಪಂಕಜಾಕ್ಷಿ ಪಾಳೇಗಾರನ ಮಾತು ಎತ್ತಲಿಲ್ಲ. ಒಂದು ಸಲ ಅಮೂಲ್ಯಾ ದಬ್ಬಳ ಕಾಯಿಸಿ ಹಿಡಿಯ ಮೇಲೆ ತನ್ನ ಹೆಸರು ಕೊರೆಯಲು ಕೂತಳು. 'ಅ' ಮುಗಿಯುವಷ್ಟರಲ್ಲಿ ಬೆರಳು ಸುಟ್ಟುಕೊಂಡು ಅಲ್ಲಿಗೇ ಬಿಟ್ಟಳು.

ಏಳೆಂಟು ವರ್ಷ ಹೀಗೇ ನಡೆಯಿತು. ಒಂದು ಭಾನುವಾರ ಇದ್ದಕ್ಕಿದ್ದಂತೆ ಮಳೆ ಹೊಡೆದು, ಬುತ್ತಿ ಬಾಚಿಕೊಂಡು ಓಡಿಬಂದರು. ಮನೆಗೆ ಬಂದು ನೋಡಿದರೆ ಒರೆ ಇತ್ತು, ಚಾಕು ಇರಲಿಲ್ಲ. ಎರಡು ಸಲ ಹೋಗಿ ಹುಡುಕಿದರು. ಹುಲ್ಲು ಮೊಣಕಾಲುದ್ದ ಬೆಳೆದಿತ್ತು, ಸಿಗಲಿಲ್ಲ. ಆಮೇಲೆ ಅಮೂಲ್ಯಾ ಶಿವಮೊಗ್ಗದ ಕಾಲೇಜು ಸೇರಿದಳು. ಮೋಟಾರು ಸುಟ್ಟುಕೊಂಡವರಿಗೆ ಭಾನುವಾರವೆಂದರೇನು, ಸೋಮವಾರವೆಂದರೇನು? ಅಂಗಡಿ ವಾರವೆಲ್ಲ ತೆರೆಯತೊಡಗಿತು. ಕಾವಲಿಗೆ ಹೋಗುವುದು ಯಾವಾಗ ನಿಂತಿತೆಂದು ಪಂಕಜಾಕ್ಷಿಗೆ ನೆನಪೇ ಇಲ್ಲ.

ಕಳೆದ ಮಾಘದಲ್ಲಿ ಸಖರಾಯಪಟ್ಟಣದ ಕಡೆ ಒಂದು ಗೃಹಪ್ರವೇಶ ಮುಗಿಸಿ ಬರುವಾಗ ಅವಳೇ ಗಂಡನ ಹೆಗಲು ತಟ್ಟಿದಳು.

"ಕಾವಲಿನ ಮೇಲೆ ಹಾಯ್ದು ಹೋಗೋಣ್ವೇನ್ರೀ?"

ಸಿದ್ದಲಿಂಗೇಶ ಸ್ಕೂಟರ್ ತಿರುಗಿಸಿದ.

ಅವರು ಕೂರುತ್ತಿದ್ದ ಜಾಲಿ ಮರದಡಿ ಒಬ್ಬ ಮುದುಕ ಕುರಿ ಬಿಟ್ಟುಕೊಂಡು ಕೂತಿದ್ದ. ಕತ್ತಾಳೆ ಹಗ್ಗದ ತುದಿಯನ್ನು ಕೊಯ್ದು ಸಮ ಮಾಡುತ್ತಿದ್ದ. ಅವನ ಕೈಯಲ್ಲಿದ್ದ ಹಿಡಿಯ ಬಣ್ಣ ಮಾಸಿತ್ತು. ಆದರೂ ಪಂಕಜಾಕ್ಷಿಗೆ ಗುರುತು ಸಿಕ್ಕಿತು.

"ಯಜಮಾನ್ರೇ, ಆ ಚಾಕು ಎಲ್ಲಿ ಸಿಕ್ತು?"

"ಇಲ್ಲೇ ಕಣಮ್ಮ, ಬೇರಿನ ಸಂದೀಲಿ. ನಾಕೈದು ವರ್ಸ ಆತು. ಯಾಕೆ, ನಿಮ್ದಾ?"

"ಹಿಡಿ ಮೇಲೆ 'ಅ' ಅಂತ ಇರ್ಬೇಕು ನೋಡಿ. ನಮ್ಮ ಮಗಳು ಕೊರೆದಿದ್ದು."

ಮುದುಕ ಹಿಡಿಯನ್ನು ತಿರುಗಿಸಿ ನೋಡಿ ಗೊಳ್ಳೆಂದು ನಕ್ಕ. ಅವನ ಹೆಸರು ಹನುಮಂತಯ್ಯ. "ಅಯ್ಯೋ ನನ್ನವ್ವ! 'ಅ' ಅಂದ್ರೆ ಅಮೃತಮಹಲ್ ಅನ್ಕಂಡಿದ್ದೆ. ಸರ್ಕಾರದ್ದು, ಯಾರಾನ ಕೇಳಾರು ಅಂತ ಒಂದ್ವರ್ಸ ಗುಡ್ಲಲ್ಲಿ ಮುಚ್ಚಿಕ್ಕಿದ್ದೆ. ಕಾವಲು ಗಾರ್ಡು ಬಂದ್ರೆ ಎದೆ ಡವಡವ!"

ಮೂವರೂ ನಕ್ಕರು. ಸಿದ್ದಲಿಂಗೇಶ ಚಾಕು ಇಸಿದುಕೊಂಡು ಹೆಬ್ಬೆರಳಿನಿಂದ ಬಾಯಿ ಸವರಿ ನೋಡಿದ. ಮಸೆದು ಮಸೆದು ಅಲಗು ಸವೆದಿತ್ತು, ಆದರೆ ಅವನ ಕೈಯಲ್ಲಿದ್ದಾಗಲೂ ಇಷ್ಟು ಹರಿತ ಇರಲಿಲ್ಲ. ಮುದುಕನ ಸೊಂಟದಲ್ಲಿ ಅದಕ್ಕೆಂದೇ ಹಳೇ ಟಯರಿನ ಚೂರಿನಿಂದ ಹೊಲಿದ ಒರೆಯೂ ಇತ್ತು.

"ಬೇಲಿ ತಂತೀಲಿ ಸಿಕ್ಕಾಕಂಡ ಮರೀನ ಇದ್ರಲ್ಲೇ ಬಿಡಿಸ್ದೆ. ಉಣ್ಣೆ ತಂತೀಗೆ ಸುತ್ಕಂಡಿತ್ತು, ಕೊಯ್ದು ತೆಗ್ದೆ. ಇರ್ಲಿ, ನಿಮ್ದು ನೀವು ತಗಳ್ಳಿ ಸ್ವಾಮಿ," ಎಂದ ಹನುಮಂತಯ್ಯ. ಹೇಳಿದನಾದರೂ ಅವನ ಕಣ್ಣು ಚಾಕುವಿನ ಮೇಲೇ ಇತ್ತು.

"ನಮಗ್ಯಾಕೆ? ಶೋಕೇಸಲ್ಲಿ ಇಡಾಕಾ? ನೀವೇ ಇಟ್ಕಳ್ಳಿ," ಎಂದು ಸಿದ್ದಲಿಂಗೇಶ ವಾಪಸು ಕೊಟ್ಟುಬಿಟ್ಟ.

ಪಂಕಜಾಕ್ಷಿ ದಾರಿಯುದ್ದಕ್ಕೂ ಮುಖ ಆ ಕಡೆ ತಿರುಗಿಸಿಕೊಂಡೇ ಕೂತಳು. ಮನೆ ಸೇರಿದ ಮೇಲೆ ಗಂಡ ಕೇಳಿದ, "ಏನಾಯ್ತೇ?"

"ಕೊಡೋ ಮುಂಚೆ ನನ್ನೊಂದು ಮಾತು ಕೇಳ್ಬಾರ್ದಿತ್ತಾ? ಅದು ನಿಮ್ಮೊಬ್ರದ್ದಾ?"

ಸಿದ್ದಲಿಂಗೇಶ ತಬ್ಬಿಬ್ಬಾದ. "ಅವತ್ತು ನಕ್ಕೋಳು ನೀನೇ ಅಲ್ವೇನೇ?"

"ನಕ್ಕಿದ್ದೆ. ಆಮೇಲೆ ಅದ್ರಲ್ಲಿ ಹೆಚ್ಚಿದ್ ಸೌತೆಕಾಯಿ ತಿಂದಿಲ್ವಾ?" ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಾಕುವಿಗಾಗಿ ಅಳು ಬರುವುದೇ ಎಂದು ಅವಳಿಗೇ ನಾಚಿಕೆಯಾಯಿತು. ಒಲೆಯ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಿದ್ದ ಮಗಳು, ಅಂಗಡಿಯ ಚಿಂತೆಯಿಲ್ಲದೆ ಹುಲ್ಲಿನ ಮೇಲೆ ಅಂಗಾತ ಮಲಗಿದ್ದ ಗಂಡ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು.

ಮರುದಿನ ಸಿದ್ದಲಿಂಗೇಶ ಅಂಗಡಿಗೆ ಬೀಗ ಹಾಕಿ ತರೀಕೆರೆಗೆ ಹೋದ. ಅದೇ ಅಂಗಡಿ, ಕೇಸರಿ ಬಣ್ಣದ್ದು ಸಿಗಲಿಲ್ಲ, ಹಸಿರು ಹಿಡಿಯದು ಸಿಕ್ಕಿತು. ಹೆಂಡತಿಯ ಮುಂದೆ ಇಟ್ಟ. "ಇದನ್ನ ಅವ್ನಿಗೆ ಕೊಟ್ಟು, ಹಳೇದು ಕೇಳೋಣ. ಸರಿನಾ?"

ಭಾನುವಾರ ಇಬ್ಬರೂ ಬುತ್ತಿ ಕಟ್ಟಿಕೊಂಡು ಹೋದರು. ಹನುಮಂತಯ್ಯ ಹೊಸದನ್ನು ಅಂಗೈಯಲ್ಲಿ ತೂಗಿ ನೋಡಿದ, ಹಗ್ಗ ಕೊಯ್ದು ನೋಡಿದ, ಸಂಕೋಚದಿಂದ ತಲೆ ಕೆರೆದುಕೊಂಡ.

"ಬೇಜಾರ್ ಮಾಡ್ಕಬೇಡ ತಾಯಿ. ಚೆಂದಾಗೈತೆ. ಆದ್ರೆ ಹಳೇದು ನನ್ ಕೈಗೆ ಒಗ್ಗೋಗೈತೆ."

ಪಂಕಜಾಕ್ಷಿ ಅವನ ಕೈ ನೋಡಿದಳು. ಹೆಬ್ಬೆರಳು ಊರುವ ಜಾಗದಲ್ಲಿ ಹಿಡಿ ನುಣ್ಣಗೆ ತಗ್ಗಾಗಿತ್ತು. 'ಅ' ಅರ್ಧ ಅಳಿಸಿತ್ತು. ಅದು ಈಗ ಅವನದೇ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

"ಇರ್ಲಿ ಬಿಡಿ ಯಜಮಾನ್ರೇ, ನಿಮ್ಹತ್ರಾನೇ ಇರ್ಲಿ," ಎಂದಳು. ಹಸಿರು ಹಿಡಿಯದನ್ನು ತಾನೇ ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಗೆ ಕಡ್ಡಿ ಸೀಳಲು ಕೂತಳು. ಮೊದಲ ಕಡ್ಡಿ ವಾರೆಯಾಗಿ ಮುರಿಯಿತು. ಗಂಡ ಕೈಚಾಚಿದ, ಅವಳು ಕೊಡಲಿಲ್ಲ.

"ಹೇಗೆ ಹಿಡ್ಕಬೇಕು, ಅದನ್ನ ಹೇಳಿ ಸಾಕು," ಎಂದಳು.